ಫೀ ತುಂಬಿದ ಕೈ ಯಾವುದು?

"ಸರ, ಮಗಳ ಫೀ ಎರಡು ಲಕ್ಷ ಎಂಬತ್ತು ಸಾವಿರ ತುಂಬೇವ್ರಿ. ಇದರಾಗ ಟ್ಯಾಕ್ಸ್ ಎಷ್ಟು ಉಳೀತೈತಿ, ನೋಡಿ ಹೇಳ್ರಿ."

ರೈಲ್ವೆಯಲ್ಲಿ ಕೆಲಸ ಮಾಡುವ, ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ ಮಾತಿದು. ಕೈಚೀಲದಿಂದ ಕಾಲೇಜಿನ ಪಾವತಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ರಸೀದಿಗೆ ಪಾವತಿ ಅನ್ನುವುದೇ ರೂಢಿ. ಅದರಲ್ಲಿ ನಾಲ್ಕು ಸಾಲುಗಳಿದ್ದವು: ಟ್ಯೂಷನ್ ಫೀ ₹1,25,000, ಅಭಿವೃದ್ಧಿ ಶುಲ್ಕ ₹40,000, ಹಾಸ್ಟೆಲ್ ಮತ್ತು ಮೆಸ್ ₹95,000, ಪರೀಕ್ಷೆ ಇತ್ಯಾದಿ ₹20,000. "ತುಂಬೇವ್ರಿ" ಎಂದರಲ್ಲ, ಆ ಬಹುವಚನ ನನ್ನ ಕಿವಿಗೆ ಬಿತ್ತು. ಯಾರ್‍ಯಾರು ತುಂಬಿದಿರಿ ಎಂದು ಕೇಳಿದೆ. ತಾವು ಒಂದು ಲಕ್ಷ ಮೂವತ್ತು ಸಾವಿರ, ಬೆಂಗಳೂರಿನಲ್ಲಿ ನೌಕರಿಗೆ ಸೇರಿರುವ ದೊಡ್ಡ ಮಗ ಒಂದು ಲಕ್ಷ, ಉಳಿದ ಐವತ್ತು ಸಾವಿರ ಹುಡುಗಿಯ ಮಾಮಾ, ಅಂದರೆ ಸೋದರಮಾವ.

ನಮ್ಮ ಕಡೆ ಮಕ್ಕಳು ಓದುವುದು ಹೀಗೇ. ಪಾವತಿಯ ಮೇಲೆ ಇರುವುದು ಒಂದೇ ಹೆಸರು, ಅದರ ಹಿಂದೆ ಇರುವ ಕೈಗಳು ಮೂರೋ ನಾಲ್ಕೋ. ಆದಾಯ ತೆರಿಗೆ ಕಾಯ್ದೆಗೆ ಮಾತ್ರ ಅಷ್ಟು ದೊಡ್ಡ ಮನೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಪ್ಪ, ಅವ್ವ, ಎರಡು ಮಕ್ಕಳು. ಶಿಕ್ಷಣ ಮತ್ತು ತೆರಿಗೆಯ ಬಗ್ಗೆ ಪ್ರತಿವರ್ಷ ನನ್ನ ಬಳಿ ಬರುವ ಗೊಂದಲಗಳಲ್ಲಿ ಹೆಚ್ಚಿನವು ಈ ಒಂದು ಅಂತರದಿಂದಲೇ ಹುಟ್ಟಿದವು.

ಮೊದಲು ಎಲ್ಲರಿಗೂ ಗೊತ್ತಿರುವ 80ಸಿ ನೋಡೋಣ. ತಂದೆ ಅಥವಾ ತಾಯಿ ತಮ್ಮ ಮಕ್ಕಳ ಪೂರ್ಣಾವಧಿ ಓದಿಗಾಗಿ ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯಕ್ಕೆ ಕಟ್ಟಿದ ಟ್ಯೂಷನ್ ಫೀಯನ್ನು ಆದಾಯದಿಂದ ಕಳೆಯಲು ಅದು ಅವಕಾಶ ಕೊಡುತ್ತದೆ. ಒಬ್ಬ ಪಾಲಕರಿಗೆ ಇಬ್ಬರು ಮಕ್ಕಳ ತನಕ ಈ ಕಡಿತ. ಅಪ್ಪ-ಅವ್ವ ಇಬ್ಬರೂ ದುಡಿಯುವವರಾಗಿದ್ದು ಮೂವರು ಮಕ್ಕಳಿದ್ದರೆ ಅಪ್ಪ ಇಬ್ಬರ ಫೀ, ಅವ್ವ ಮೂರನೆಯವರ ಫೀ ತೋರಿಸಬಹುದು. ಟ್ಯೂಷನ್ ಫೀ ಬಿಟ್ಟರೆ ಬೇರೆ ಯಾವುದೂ ಇಲ್ಲಿಗೆ ಬರುವುದಿಲ್ಲ. ಅಭಿವೃದ್ಧಿ ಶುಲ್ಕ, ಡೊನೇಷನ್, ಹಾಸ್ಟೆಲ್, ಮೆಸ್, ಬಸ್ಸು ಎಲ್ಲ ಹೊರಗೆ. ಅಂದರೆ ನಮ್ಮ ಹಿರಿಯರ ಎರಡು ಲಕ್ಷ ಎಂಬತ್ತು ಸಾವಿರದಲ್ಲಿ ಕಾಯ್ದೆ ಒಪ್ಪುವುದು ₹1,25,000 ಮಾತ್ರ. ಅದೂ ಅವರ ಕೈಯಿಂದ ಹೋಗಿದ್ದರೆ. ಅಣ್ಣ ತಂಗಿಯ ಫೀ ಕಟ್ಟಿದರೆ ಅಣ್ಣನಿಗೆ 80ಸಿ ಇಲ್ಲ. ಅಜ್ಜ ಮೊಮ್ಮಗನಿಗೆ ಕಟ್ಟಿದರೂ ಇಲ್ಲ, ಗಂಡ ಹೆಂಡತಿಯ ಬಿ.ಇಡಿ. ಫೀ ಕಟ್ಟಿದರೂ ಇಲ್ಲ. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು, ತನ್ನದೇ ಸಂಬಳದಿಂದ ತನ್ನದೇ ಕಾಲೇಜಿನ ಫೀ ಕಟ್ಟುವ ಹುಡುಗನಿಗೂ ಇಲ್ಲ. ಈ ಕೊನೆಯದು ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ. ಮಕ್ಕಳ ಓದಿಗೆ ಖರ್ಚು ಮಾಡಿದ ತಂದೆಗೆ ಸಿಗುವುದು, ತಂದೆಯಿಲ್ಲದೆ ತಾನೇ ದುಡಿದು ಓದುವವನಿಗೆ ಏಕೆ ಸಿಗಬಾರದು?

ಹಾಗಾಗಿ ಅವರಿಗೆ ನಾನು ಹೇಳಿದ ಮೊದಲ ಮಾತು ಬಹಳ ಸರಳ. ಮುಂದಿನ ಸಲ ಟ್ಯೂಷನ್ ಫೀ ನಿಮ್ಮ ಖಾತೆಯಿಂದಲೇ ಹೋಗಲಿ, ಹಾಸ್ಟೆಲ್ ಮತ್ತು ಮೆಸ್ಸಿನ ಹಣ ಮಗನ ಖಾತೆಯಿಂದ ಹೋಗಲಿ, ಮಾಮಾ ಕೊಡುವುದು ಉಳಿದದ್ದಕ್ಕಾಗಲಿ. ಮನೆಯಿಂದ ಹೋಗುವ ಒಟ್ಟು ಮೊತ್ತ ಅಷ್ಟೇ. ಯಾವ ಕೈ ಯಾವ ಸಾಲಿಗೆ ತುಂಬಿತು ಎನ್ನುವುದಷ್ಟೇ ಬದಲಾಗುತ್ತದೆ. ಕೆಲವು ಕಡೆ ಒಟ್ಟು ಮೊತ್ತವನ್ನಷ್ಟೇ ಬರೆದು ಪಾವತಿ ಕೊಡುತ್ತಾರೆ. ನನ್ನ ಮಗನ ಪಿಯುಸಿ ದಿನಗಳಲ್ಲಿ ಅಂಥದ್ದೊಂದು ಪಾವತಿ ಹಿಡಿದು ಬಾಬಿನವಾರು ಒಡೆದು ಕೊಡಿ ಎಂದು ಮೂರು ಸಲ ಆಫೀಸಿಗೆ ಅಲೆದಿದ್ದೇನೆ. ಬೇಸರ ಮಾಡಿಕೊಳ್ಳದೆ ಕೇಳಿ ಪಡೆಯಬೇಕು. ಟ್ಯೂಷನ್ ಫೀ ಎಂಬ ಸಾಲು ಬೇರೆಯಾಗಿ ಇರದ ಪಾವತಿಯಿಂದ ಯಾವುದನ್ನೂ ಸಾಬೀತು ಮಾಡಲು ಆಗುವುದಿಲ್ಲ.

ಇನ್ನು ಮಾಮಾ ಕೊಟ್ಟ ಐವತ್ತು ಸಾವಿರ. ಅದು ಹುಡುಗಿಯ ಆದಾಯ ಆಗುತ್ತದೆಯೇ ಎಂಬ ಭಯ ಅವರ ಹೆಂಡತಿಗೆ. ಇಲ್ಲ. ಸಂಬಂಧಿಕರು ಕೊಟ್ಟ ಹಣಕ್ಕೆ ತೆರಿಗೆಯಿಲ್ಲ, ಮಿತಿಯೂ ಇಲ್ಲ. ಸಂಬಂಧಿಕರು ಯಾರು ಎಂಬುದನ್ನು ಕಾಯ್ದೆಯೇ ಹೇಳಿದೆ: ಅಣ್ಣತಮ್ಮ, ಅಕ್ಕತಂಗಿ, ಅಜ್ಜ-ಅಜ್ಜಿ, ತಂದೆ-ತಾಯಿಯ ಒಡಹುಟ್ಟಿದವರು. ಹೀಗೆ ಕಾಕಾ, ಮಾಮಾ, ಅತ್ತಿ, ಚಿಗವ್ವ ಎಲ್ಲರೂ ಬಂದರು. ಆದರೆ ಕಾಕಾನ ಮಗ ಬರುವುದಿಲ್ಲ! ಒಂದೇ ಮನೆಯಲ್ಲಿ ಉಂಡು ಬೆಳೆದಿದ್ದರೂ ಕಾಯ್ದೆಯ ಕಣ್ಣಿಗೆ ಅವನು ಹೊರಗಿನವನು. ಅವನಿಂದ, ಗೆಳೆಯರಿಂದ, ನೆರೆಯವರಿಂದ ಬಂದ ಹಣವೆಲ್ಲ ಸೇರಿ ವರ್ಷಕ್ಕೆ ₹50,000 ದಾಟಿದರೆ ಪೂರ್ತಿ ಮೊತ್ತ ಪಡೆದವರ ಆದಾಯವೆಂದೇ ಲೆಕ್ಕ. ಓದುವ ಹುಡುಗಿಗೆ ಬೇರೆ ಆದಾಯ ಇರದಿದ್ದರೆ ತೆರಿಗೆ ಬೀಳುವ ಸಂಭವ ಕಡಿಮೆ, ಆದರೂ ಗೊತ್ತಿರಲಿ.

ಈಗ ಅವರು ಕೇಳಿದ ಪ್ರಶ್ನೆಗೆ ಬರಬೇಕು. ಎಷ್ಟು ಉಳಿಯುತ್ತದೆ? ಏನೂ ಉಳಿಯುವುದಿಲ್ಲ ಎಂದು ಅವರಿಗೆ ಹೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು.

80ಸಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ. 2023-24ರಿಂದ, ನಾವಾಗಿ ಬೇಡ ಎನ್ನದಿದ್ದರೆ ನಮಗೆ ಅನ್ವಯವಾಗುವುದು ಹೊಸ ಪದ್ಧತಿ. ಅದರಲ್ಲಿ ಟ್ಯೂಷನ್ ಫೀಗೂ ಕಡಿತವಿಲ್ಲ, ಶಿಕ್ಷಣ ಸಾಲದ ಬಡ್ಡಿಗೂ ಇಲ್ಲ. ಬದಲಿಗೆ ದರ ಕಡಿಮೆ. ನಮ್ಮ ಹಿರಿಯರ ಸಂಬಳ ವರ್ಷಕ್ಕೆ ಹದಿನೈದು ಲಕ್ಷ. 2025-26ರ ಲೆಕ್ಕ ಹಾಕಿದೆವು. ಹೊಸ ಪದ್ಧತಿಯಲ್ಲಿ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ₹14,25,000. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5, ಆಮೇಲಿನ 4 ಲಕ್ಷಕ್ಕೆ ಶೇ 10, ಉಳಿದ ₹2,25,000ಕ್ಕೆ ಶೇ 15. ಕೂಡಿದರೆ ₹93,750. ಶೇ 4ರ ಸೆಸ್ ಸೇರಿ ₹97,500. ಹಳೆಯ ಪದ್ಧತಿಯಲ್ಲಿ ₹50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಪೂರ್ತಿ ₹1,50,000 ಕಳೆದರೂ ತೆರಿಗೆ ₹2,10,600. ಎರಡೂ ಸಮ ಆಗಬೇಕಾದರೆ ಇನ್ನೂ ಸುಮಾರು ₹3,94,000 ಕಡಿತ ಬೇಕು. ಮನೆಸಾಲದ ಬಡ್ಡಿ ಎರಡು ಲಕ್ಷ, ಶಿಕ್ಷಣ ಸಾಲದ ಬಡ್ಡಿ ಒಂದು ಲಕ್ಷ ಇಪ್ಪತ್ತು ಸಾವಿರ, ತಮ್ಮ ಮತ್ತು ವಯಸ್ಸಾದ ತಂದೆ-ತಾಯಿಯ ಆರೋಗ್ಯ ವಿಮೆ ಎಪ್ಪತ್ತೈದು ಸಾವಿರ, ಇವೆಲ್ಲ ಇರುವ ಮನೆಗೆ ಅಂತೂ ಇಂತೂ ಸಮವಾಗುತ್ತದೆ. ಇವರಿಗೆ ಮನೆಸಾಲ ತೀರಿದೆ. ಮೇಲಾಗಿ ಆ ಒಂದೂವರೆ ಲಕ್ಷದ ಮಿತಿ 2014ರ ಬಜೆಟ್ಟಿನಲ್ಲಿ ನಿಗದಿಯಾದದ್ದು, ಪಿಎಫ್, ಎಲ್‌ಐಸಿ, ಮನೆಸಾಲದ ಅಸಲು ಎಲ್ಲವೂ ಅದರಲ್ಲೇ ಸೇರಬೇಕು. ನೌಕರರ ಮನೆಗಳಲ್ಲಿ ಪಿಎಫ್ ಒಂದೇ ಅದನ್ನು ತುಂಬಿಬಿಡುತ್ತದೆ. ಆಮೇಲೆ ಮಗಳ ಫೀಗೆ ಜಾಗವೆಲ್ಲಿ?

ಹೊಸ ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ₹12,75,000 ತನಕದ ಸಂಬಳಕ್ಕೆ ತೆರಿಗೆಯೇ ಇಲ್ಲ ಎನ್ನುವುದು ದುಡಿಯುವ ಮನೆಗಳಿಗೆ ದೊಡ್ಡ ನೆಮ್ಮದಿ. ಆದರೆ ಇಬ್ಬರು ಮಕ್ಕಳನ್ನು ಎಂಜಿನಿಯರಿಂಗ್, ನರ್ಸಿಂಗ್ ಓದಿಸುತ್ತಿರುವ ಮನೆಯೂ, ಓದಿಸುವ ಹೊಣೆ ಇರದ ಮನೆಯೂ ಈಗ ಸರ್ಕಾರದ ಕಣ್ಣಿಗೆ ಒಂದೇ. ನೌಕರರ ಸಂಬಳದಲ್ಲಿ ಬರುವ ಮಕ್ಕಳ ಶಿಕ್ಷಣ ಭತ್ಯೆ ನೋಡಿ. 2025-26ರ ಲೆಕ್ಕದಲ್ಲೂ ಹಳೆಯ ಪದ್ಧತಿ ಅದಕ್ಕೆ ಕೊಟ್ಟ ವಿನಾಯಿತಿ ಒಂದು ಮಗುವಿಗೆ ತಿಂಗಳಿಗೆ ₹100. ಹಾಸ್ಟೆಲ್ ಭತ್ಯೆಗೆ ₹300. ಧಾರವಾಡದ ಯಾವ ಹಾಸ್ಟೆಲ್ಲಿನಲ್ಲಿ ಮುನ್ನೂರು ರೂಪಾಯಿಗೆ ಒಂದು ತಿಂಗಳು ಊಟ ಹಾಕುತ್ತಾರೆ?

ಯಾವ ಪದ್ಧತಿ ಎಂಬುದನ್ನು ಸಂಬಳದಾರರು ಪ್ರತಿವರ್ಷ ರಿಟರ್ನ್ ಸಲ್ಲಿಸುವಾಗ ಆರಿಸಿಕೊಳ್ಳಬಹುದು. ಹಳೆಯದು ಬೇಕೆಂದರೆ ಕೊನೆಯ ದಿನಾಂಕದ ಒಳಗೇ ಸಲ್ಲಿಸಬೇಕು. ದುರ್ಗದ ಬೈಲಿನಲ್ಲಿ ಅಂಗಡಿ ಇಟ್ಟವರಿಗೆ, ಅಂದರೆ ವ್ಯಾಪಾರದ ಆದಾಯ ಇರುವವರಿಗೆ, ನಿಯಮ ಬಿಗಿ: ಹಳೆಯದಕ್ಕೆ ಹೋಗಲು ಪ್ರತ್ಯೇಕ ಫಾರಂ (2025-26ರ ತನಕದ ಲೆಕ್ಕಕ್ಕೆ 10-ಐಇಎ) ಸಲ್ಲಿಸಬೇಕು, ಒಮ್ಮೆ ಹೊಸದಕ್ಕೆ ಮರಳಿದರೆ ವ್ಯಾಪಾರ ಇರುವ ತನಕ ಮತ್ತೆ ಹಳೆಯದು ಸಿಗದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 80ಸಿಯ ವಿಷಯ ಅದರಲ್ಲಿ 123ನೇ ಸೆಕ್ಷನ್. ನಂಬರ್ ಬದಲಾದ ಮಾತ್ರಕ್ಕೆ ಸೌಲಭ್ಯ ಹೋಯಿತೆಂದು ಯಾರೂ ಗಾಬರಿಯಾಗಬೇಕಿಲ್ಲ.

ಹೊಸ ಪದ್ಧತಿಯೂ ಮುಟ್ಟದೆ ಬಿಟ್ಟ ಒಂದು ಸಂಗತಿ ಇದೆ, ಅದು ವಿದ್ಯಾರ್ಥಿವೇತನ. ಓದಿನ ಖರ್ಚಿಗೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ 1961ರ ಕಾಯ್ದೆಯ ಸೆಕ್ಷನ್ 10(16) ಪೂರ್ತಿ ವಿನಾಯಿತಿ ಕೊಟ್ಟಿತು. ಮೊತ್ತಕ್ಕೆ ಮಿತಿಯಿಲ್ಲ. ಕೊಟ್ಟವರು ಸರ್ಕಾರವೋ ಮಠವೋ ಟ್ರಸ್ಟೋ ಕಂಪನಿಯೋ ಎಂದೂ ನೋಡುವುದಿಲ್ಲ. ಓದಿನ ಖರ್ಚು ಎಂದರೆ ಟ್ಯೂಷನ್ ಫೀ ಮಾತ್ರವಲ್ಲ, ಓದಿಗೆ ಅಂಟಿಕೊಂಡ ಇತರ ಖರ್ಚೂ ಹೌದು ಎಂದು ನಮ್ಮ ಹೈಕೋರ್ಟೇ ದಶಕಗಳ ಹಿಂದೆ ಹೇಳಿದೆ. ಊಟ, ಕೋಣೆ, ಪುಸ್ತಕಕ್ಕೆ ಖರ್ಚಾದರೂ ಅದು ವಿದ್ಯಾರ್ಥಿವೇತನವೇ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಕೋರ್ಸಿಗೆ ತಕ್ಕಂತೆ ₹2,500ರಿಂದ ₹11,000 ಕೊಡುತ್ತದೆ. ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ವಿದ್ಯಾಸಿರಿ ಇದೆ. ಇಂಥ ಹಣ ಖಾತೆಗೆ ಬಂತೆಂದು ರಿಟರ್ನಿನಲ್ಲಿ ಆದಾಯ ತೋರಿಸಬೇಕೇ ಎಂದು ಕುಂದಗೋಳ, ನವಲಗುಂದದ ಕಡೆಯಿಂದ ಬಂದು ಓದುವ ಹುಡುಗರು ಕೇಳುತ್ತಾರೆ. ಅದಕ್ಕೆ ತೆರಿಗೆ ಇಲ್ಲ, ಮಂಜೂರಾತಿಯ ಪತ್ರ ಇಟ್ಟುಕೊಂಡರೆ ಸಾಕು.

ಈ ನೆಲಕ್ಕೆ ವಿದ್ಯಾರ್ಥಿವೇತನದ ಅರ್ಥವನ್ನು ಯಾವ ಕಾಯ್ದೆಯೂ ಕಲಿಸಬೇಕಾಗಿರಲಿಲ್ಲ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜರು, ತಮ್ಮ ಆಸ್ತಿಯನ್ನು ಸಮುದಾಯದ ಮಕ್ಕಳ ಓದಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ನಿಧಿಯ ನೆರವಿನಿಂದ ಓದಿ ಮುಂದೆ ಬಂದವರು ಈ ಭಾಗದಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಕರ್ನಾಟಕ ಕಾಲೇಜಿಗೆ ನಡೆದುಹೋದ ಹಳ್ಳಿಯ ಹುಡುಗರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ನಡುವೆ ಡಾಕ್ಟರರು, ವಕೀಲರು. ಮಕ್ಕಳ ಓದಿಗೆ ಹಲವು ಕೈ ಸೇರುವ ಪದ್ಧತಿ ನಮ್ಮ ಹಿರಿಯರ ಮನೆಯಲ್ಲಿ ಮಾತ್ರ ಇರುವುದಲ್ಲ, ಊರಿಗೆ ಊರೇ ಹೀಗೆ ಓದಿದೆ. ಕಾಯ್ದೆ ಆ ಊರಿನ ಕೈಯನ್ನು ಗುರುತಿಸಿದ್ದು ಈ ಒಂದು ಸೆಕ್ಷನ್ನಿನಲ್ಲಿ, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ.

ಆದರೆ ಬರುವ ಹಣವೆಲ್ಲ ವಿದ್ಯಾರ್ಥಿವೇತನವಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ಪಿಎಚ್.ಡಿ. ಮಾಡುತ್ತ ಜೆಆರ್‌ಎಫ್ ಪಡೆಯುವವರಿಗೆ ಬರುವ ತಿಂಗಳ ₹37,000 ಓದು-ಸಂಶೋಧನೆಗೆ ಕೊಟ್ಟದ್ದು, ಅದನ್ನು ವಿದ್ಯಾರ್ಥಿವೇತನವೆಂದೇ ಪರಿಗಣಿಸುವುದು ರೂಢಿ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕಂಪನಿಗೆ ಹೋಗಿ ಕೆಲಸ ಮಾಡಿ ಪಡೆಯುವ ಇಂಟರ್ನ್‌ಶಿಪ್ ಹಣ ಹಾಗಲ್ಲ. ಕೆಲಸ ಮಾಡಿಸಿಕೊಂಡು ಕೊಟ್ಟ ಹಣಕ್ಕೆ ಸ್ಟೈಪೆಂಡ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ವಿದ್ಯಾರ್ಥಿವೇತನ ಆಗುವುದಿಲ್ಲ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳ ಸ್ಟೈಪೆಂಡ್ ವಿಷಯದಲ್ಲಿ ಇದೇ ಜಗಳ ಮತ್ತೆ ಮತ್ತೆ ನಡೆದಿದೆ: ರೋಗಿ ನೋಡುವುದು ಕಲಿಕೆಯೋ ಕೆಲಸವೋ? ಇಂಟರ್ನ್‌ಶಿಪ್ ಹಣದಲ್ಲಿ ಟಿಡಿಎಸ್ ಹಿಡಿದಿದ್ದರೆ ಹುಡುಗರು ಸುಮ್ಮನೆ ಬಿಟ್ಟುಬಿಡುತ್ತಾರೆ. ಬಿಡಬಾರದು. ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬಾರದಿದ್ದರೆ ರಿಟರ್ನ್ ಸಲ್ಲಿಸಿ ಅಷ್ಟನ್ನೂ ಮರಳಿ ಪಡೆಯಬಹುದು.

ಶಿಕ್ಷಣ ಸಾಲದ ಮಾತು ಬೇರೆ. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ 80ಇ ಸೆಕ್ಷನ್ 80ಸಿಗಿಂತ ಉದಾರಿ. ಪಿಯುಸಿ ನಂತರದ ಯಾವ ಕೋರ್ಸಿಗಾದರೂ ಸರಿ, ಇಲ್ಲಿಯೋ ವಿದೇಶದಲ್ಲಿಯೋ, ಕಟ್ಟಿದ ಬಡ್ಡಿಯನ್ನು ಪೂರ್ತಿ ಕಳೆಯಬಹುದು, ಮೇಲ್ಮಿತಿ ಇಲ್ಲ. ಅಸಲಿಗೆ ಏನೂ ಇಲ್ಲ. ತನ್ನ, ಹೆಂಡತಿ ಅಥವಾ ಗಂಡನ, ಮಕ್ಕಳ ಓದಿಗೆ ಇದು ಸಲ್ಲುತ್ತದೆ. ತಂಗಿಗಾಗಿ ಅಣ್ಣ ಮಾಡಿದ ಸಾಲಕ್ಕೆ ಇಲ್ಲಿಯೂ ಬಾಗಿಲು ಮುಚ್ಚಿದೆ.

ನಮ್ಮ ಊರಿನವರು ಎಡವುವುದು ಸಾಲ ಎಲ್ಲಿಂದ ತಂದರು ಎಂಬಲ್ಲಿ. ಬ್ಯಾಂಕು, ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆ, ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆ, ಇಷ್ಟರಿಂದ ತಂದ ಸಾಲಕ್ಕೆ ಮಾತ್ರ ಈ ಕಡಿತ. ಓಣಿಯ ಪತ್ತಿನ ಸಹಕಾರಿ ಸಂಘದಲ್ಲಿ ಗುರುತಿನವರಿದ್ದಾರೆ, ಎರಡೇ ದಿನಕ್ಕೆ ಹಣ ಕೈಗೆ ಬರುತ್ತದೆ ಎಂದು ಅಲ್ಲಿ ಸಹಿ ಹಾಕುತ್ತಾರೆ. ಬ್ಯಾಂಕ್ ಅಲ್ಲದ ಆ ಸಂಘದ ಬಡ್ಡಿ 80ಇಗೆ ಬರುವುದಿಲ್ಲ. ಮಾಮಾನ ಹತ್ತಿರ ಬಡ್ಡಿಗೆ ತಂದದ್ದೂ, ಚೀಟಿ ಎತ್ತಿದ್ದೂ ಬರುವುದಿಲ್ಲ. ಅವ್ವನ ಬಂಗಾರ ಅಡವಿಟ್ಟು ತಂದ ಸಾಲ ಓದಿಗೇ ತಂದದ್ದೆಂದು ತೋರಿಸಿಕೊಡುವುದು ಕಷ್ಟದ ಕೆಲಸ. ಫೀ ಕಟ್ಟುವ ಕೊನೆಯ ದಿನ ಎದುರಿಗೆ ನಿಂತಾಗ ಯಾರಿಗೂ ಸೆಕ್ಷನ್ ನೆನಪಾಗುವುದಿಲ್ಲ, ನನಗೆ ಗೊತ್ತು. ಅದಕ್ಕೇ ಸೀಟು ಸಿಗುವ ಮೊದಲೇ, ಸಿಇಟಿ ಫಲಿತಾಂಶ ಬಂದ ವಾರದಲ್ಲೇ ಬ್ಯಾಂಕಿಗೆ ಹೋಗಿ ಬನ್ನಿ ಎನ್ನುತ್ತೇನೆ.

ಇನ್ನೊಂದು, ಎಂಟು ವರ್ಷದ ಗಡಿಯಾರ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷವೂ ಸೇರಿ ಎಂಟು ವರ್ಷ ಮಾತ್ರ ಈ ಕಡಿತ. ಮಗಳು ಓದುವಾಗಲೇ ಬಡ್ಡಿ ಬೆಳೆಯದಿರಲೆಂದು ಅಪ್ಪ ತಿಂಗಳು ತಿಂಗಳು ಕಟ್ಟುತ್ತ ಬಂದರೆ ಅವರ ಗಡಿಯಾರ ಆ ದಿನವೇ ಓಡತೊಡಗಿತು. ಕೋರ್ಸು ಮುಗಿದು ದೊಡ್ಡ ಕಂತುಗಳು ಬರುವ ಹೊತ್ತಿಗೆ ಎಂಟರಲ್ಲಿ ಅರ್ಧದಷ್ಟು ವರ್ಷಗಳು ಕಳೆದಿರುತ್ತವೆ. ಹಾಗೆಂದು ಬಡ್ಡಿ ಬೆಳೆಯಲು ಬಿಡಿ ಎಂದು ನಾನು ಹೇಳಲಾರೆ. ತೆರಿಗೆಯಲ್ಲಿ ಉಳಿಯುವುದಕ್ಕಿಂತ ಬಡ್ಡಿಯಲ್ಲಿ ಹೋಗುವುದೇ ಹೆಚ್ಚಿರಬಹುದು. ಎರಡನ್ನೂ ಹಾಳೆಯ ಮೇಲೆ ಬರೆದು ನೋಡಿ. ಸರ್ಕಾರದ ಬಡ್ಡಿ ಸಹಾಯಧನ ಸಿಕ್ಕಿದ್ದರೆ ಆ ಭಾಗವನ್ನು ನೀವು ಕಟ್ಟಿಲ್ಲ, ಅದನ್ನು ತೋರಿಸುವಂತಿಲ್ಲ. ಈಗ ರಿಟರ್ನಿನಲ್ಲಿ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ ಎಲ್ಲ ಬರೆಯಬೇಕು. 2025ರ ಜುಲೈನಲ್ಲಿ ಇಲಾಖೆ ಸುಳ್ಳು ಕಡಿತಗಳ ಮೇಲೆ ದೇಶದಾದ್ಯಂತ ನಡೆಸಿದ ತಪಾಸಣೆಯಲ್ಲಿ 80ಇ ಕೂಡ ಇತ್ತು. ರೀಫಂಡ್ ಹೆಚ್ಚು ತೆಗೆಸಿಕೊಡುತ್ತೇವೆ ಎನ್ನುವವರ ಕೈಗೆ ಪಾಸ್‌ವರ್ಡ್ ಕೊಟ್ಟು ಇಲ್ಲದ ಸಾಲ ತೋರಿಸಿದವರಿಗೆ ನೋಟಿಸ್ ಬಂದಾಗ ಉತ್ತರ ಕೊಡಬೇಕಾದವರು ಅವರೇ.

ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ಇನ್ನೊಂದು ತೆರಿಗೆ ಕಾಣುತ್ತದೆ. ಕೆಎಎಸ್, ಪಿಎಸ್ಐ, ಬ್ಯಾಂಕ್ ಪರೀಕ್ಷೆಗೆಂದು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿನ ಕೋಚಿಂಗ್ ಸೆಂಟರ್‌ಗಳಲ್ಲಿ ಓದುತ್ತಾರೆ. ಕಾಲೇಜಿನ ಫೀಗೆ ಜಿಎಸ್‌ಟಿ ಇಲ್ಲ, ಕೋಚಿಂಗ್ ಫೀಗೆ ಶೇ 18 ಇದೆ. ವಾರ್ಷಿಕ ವಹಿವಾಟು ₹20 ಲಕ್ಷದ ಒಳಗಿರುವ ಸಣ್ಣ ಕ್ಲಾಸುಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ₹50,000 ಫೀಗೆ ₹9,000 ತೆರಿಗೆ. ಇದು 80ಸಿಯ ಪೂರ್ಣಾವಧಿ ಓದೂ ಅಲ್ಲ, ಹಾಗಾಗಿ ಅಲ್ಲೂ ಕಡಿತ ಸಿಗದು. ಹೊಲ ಲಾವಣಿಗೆ ಹಾಕಿ ಮಗನನ್ನು ಕಳಿಸಿದ ಅಪ್ಪ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಿಸಲು ಸರ್ಕಾರಕ್ಕೇ ಶೇ 18 ಕಟ್ಟುತ್ತಾನೆ. ಇದನ್ನು ಇಳಿಸಬೇಕು ಎಂದು ನಮ್ಮ ಭಾಗದ ಜನಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕು. ಪಿಜಿ ವಸತಿಯ ವಿಷಯದಲ್ಲಿ ಕೇಳಿದ್ದಕ್ಕೆ ಫಲ ಸಿಕ್ಕಿತಲ್ಲ: ತಿಂಗಳಿಗೆ ₹20,000 ಒಳಗಿನ, ಕನಿಷ್ಠ 90 ದಿನದ ವಾಸಕ್ಕೆ 2024ರ ಜುಲೈನಿಂದ ಜಿಎಸ್‌ಟಿ ತೆಗೆದರು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್ಲಿಗೂ ಇಲ್ಲ.

ವಿದೇಶಕ್ಕೆ ಮಕ್ಕಳನ್ನು ಕಳಿಸುವವರು ವಿದ್ಯಾನಗರ, ಕೇಶ್ವಾಪುರದಲ್ಲಿ ಈಗ ಕಡಿಮೆಯೇನಿಲ್ಲ. ವರ್ಷಕ್ಕೆ ₹10 ಲಕ್ಷದ ಮೇಲೆ ಸ್ವಂತ ಹಣ ಕಳಿಸಿದರೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. 2025-26ರಲ್ಲಿ ದರ ಶೇ 5 ಇತ್ತು, 2026ರ ಏಪ್ರಿಲ್‌ನಿಂದ ಶೇ 2. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಕಳಿಸಿದರೆ 2025ರ ಏಪ್ರಿಲ್‌ನಿಂದ ಅದೂ ಇಲ್ಲ. ಇದು ಕಳೆದುಹೋದ ಹಣವಲ್ಲ, ಕಳಿಸಿದವರ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ, ಅವರ ತೆರಿಗೆಗೆ ವಜಾ ಆಗುತ್ತದೆ. ಇಲ್ಲಿಯೂ ಅದೇ ಪ್ರಶ್ನೆ: ಯಾರ ಕೈಯಿಂದ ಹೋಯಿತು? ತೆರಿಗೆಯೇ ಬಾರದ ಅಜ್ಜಿಯ ಖಾತೆಯಿಂದ ಕಳಿಸಿದರೆ, ಅಜ್ಜಿಯ ಹೆಸರಿನಲ್ಲಿ ರಿಟರ್ನ್ ಹಾಕಿಯೇ ಅದನ್ನು ಮರಳಿ ತರಬೇಕು.

"ಅಮೆರಿಕಾದಾಗ ಎಜುಕೇಷನ್ ಕ್ರೆಡಿಟ್ ಕೊಡ್ತಾರಂತ" ಎಂದು ಕೇಳುವವರಿದ್ದಾರೆ. ಕಡಿತ ಆದಾಯದಲ್ಲಿ ಕಳೆಯುವುದು, ಕ್ರೆಡಿಟ್ ಎಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವುದು. ಅಲ್ಲಿ ಒಬ್ಬ ವಿದ್ಯಾರ್ಥಿಗೆ ನಾಲ್ಕು ವರ್ಷ, ವರ್ಷಕ್ಕೆ 2,500 ಡಾಲರ್ ತನಕ ಹಾಗೆ ಸಿಗುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಆದರೆ ಎಫ್-1 ವೀಸಾದ ಮೇಲೆ ಹೋದ ನಮ್ಮ ಮಕ್ಕಳನ್ನು ಮೊದಲ ಐದು ವರ್ಷ ಸಾಮಾನ್ಯವಾಗಿ ಅಲ್ಲಿನ ನಿವಾಸಿಗಳೆಂದು ಎಣಿಸುವುದಿಲ್ಲವಾದ್ದರಿಂದ ಅವರಿಗೆ ಆ ಕ್ರೆಡಿಟ್ ದಕ್ಕುವುದಿಲ್ಲ. ಮತ್ತೆ, ವಿದ್ಯಾರ್ಥಿವೇತನದಲ್ಲಿ ಊಟ-ವಸತಿಗೆ ಹೋದ ಭಾಗಕ್ಕೆ ಅಲ್ಲಿ ತೆರಿಗೆ ಇದೆ! ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ ಎಂಬುದನ್ನು ಅಲ್ಲಿರುವ ಮಕ್ಕಳಿಗೆ ತಿಳಿಸಿರಿ, ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ನಮ್ಮ ಹಿರಿಯರು ಇಷ್ಟೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಸ ಪದ್ಧತಿಯಲ್ಲೇ ರಿಟರ್ನ್ ತುಂಬಿದೆವು. ಆದರೂ ಪಾವತಿಯನ್ನು ಚೀಲಕ್ಕೆ ಹಾಕುವ ಮೊದಲು ಅದರ ಬೆನ್ನ ಮೇಲೆ ಪೆನ್ನಿನಿಂದ ಬರೆದುಕೊಂಡರು: ಟ್ಯೂಷನ್, ನಾನು. ಹಾಸ್ಟೆಲ್, ಮಗ. ಉಳಿದದ್ದು, ಮಾಮಾ. ಸಣ್ಣ ಮಗನ ಎಂಜಿನಿಯರಿಂಗಿಗೆ ಬ್ಯಾಂಕ್ ಸಾಲ ಎತ್ತುವುದಿದೆ, ಮನೆಗೆ ಮೇಲಿನ ಮಹಡಿ ಹಾಕಿಸುವ ಸಾಲದ ಮಾತೂ ಇದೆಯಂತೆ. ಆಗ ಮತ್ತೊಮ್ಮೆ ಎರಡೂ ಪದ್ಧತಿಯ ಲೆಕ್ಕ ಹಾಕೋಣ ಎಂದೆ. "ಆತ್ರಿ ಸರ, ಪಾವತಿ ತೆಗೆದು ಇಡತೀನಿ" ಎಂದು ಎದ್ದರು.